ಗಾಂಜಾ ಅಹವಾಲಿನ ಎರಡನೇ ದಿನ

ಅಧ್ಯಕ್ಷರು ಕೈ ಎತ್ತಿ ತಡೆದಾಗ ಶೀಘ್ರಲಿಪಿಗಾರ್ತಿಯ ಪೆನ್ಸಿಲು ಒಂದು ಪದದ ಅರ್ಧಕ್ಕೇ ನಿಂತಿತು.

“ಅಮ್ಮಾ, ಈ ಮಾತು ದಾಖಲೆಗೆ ಹೋದ್ರೆ ನಿಮಗೇ ತೊಂದರೆ,” ಎಂದರು ಅವರು, ಎದುರು ನಿಂತು ಹೇಳಿಕೆ ಕೊಡುತ್ತಿದ್ದ ಹೆಂಗಸಿಗೆ. ದನಿಯಲ್ಲಿ ಗದರಿಕೆ ಇರಲಿಲ್ಲ. “ನೀವು ಹೇಳ್ತಿರೋದು ಅಪರಾಧ. ಅಲ್ಲಿ ಪೊಲೀಸ್ ಅಧಿಕಾರಿ ಕೂತಿದ್ದಾರೆ. ಇದನ್ನ ಬಿಟ್ಟು ಮುಂದಕ್ಕೆ ಹೋಗೋಣ.”

ಗಾಂಜಾಕ್ಕೆ ಕಾನೂನು ಒಪ್ಪಿಗೆ ಕೊಡಬೇಕೇ ಬೇಡವೇ ಎಂದು ಸರ್ಕಾರ ಜನರನ್ನು ಕರೆದು ಕೇಳುತ್ತಿತ್ತು. ಹಿಂದಿನ ದಿನ ಬಂದವರೆಲ್ಲ ಓದಿಕೊಂಡವರು. ಹೆಂಡದಂಗಡಿಗೆ ಪರವಾನಗಿ ಕೊಡುವವರು ಒಂದು ಸೊಪ್ಪಿಗೆ ಹೆದರುವುದೇಕೆ, ವಯಸ್ಸಿಗೆ ಬಂದವನ ದೇಹ ಅವನದಲ್ಲವೇ ಎಂದಿದ್ದರು ಪ್ರೊಫೆಸರು. ಎಳೆಯ ಮಿದುಳಿಗೆ ಅದು ಏನು ಮಾಡುತ್ತದೆ ಗೊತ್ತೇ ಎಂದಿದ್ದರು ಡಾಕ್ಟರು. ಜೈಲಿಗೆ ಹೋಗುವವರು ಮಾತ್ರ ಯಾವಾಗಲೂ ಬಡವರೇ ಎಂದಿದ್ದರು ವಕೀಲರು. ಶೀಘ್ರಲಿಪಿಗಾರ್ತಿ ಎಲ್ಲವನ್ನೂ ತಪ್ಪಿಲ್ಲದೆ ಬರೆದುಕೊಂಡಿದ್ದಳು. ಇಪ್ಪತ್ತಾರು ವರ್ಷದ ನೌಕರಿ. ಕಿವಿಯಲ್ಲಿ ಹೊಕ್ಕದ್ದು ಬೆರಳಲ್ಲಿ ಹೊರಟರೆ ಮುಗಿಯಿತು, ತಲೆಗೆ ಹಚ್ಚಿಕೊಳ್ಳುವ ಅಭ್ಯಾಸವೇ ಇಲ್ಲ. ಇವತ್ತೇನು ನಡೆಯಿತು ಎಂದು ಮನೆಯಲ್ಲಿ ಗಂಡ ಕೇಳಿದರೆ, ನಿಜವಾಗಿಯೂ ಅವಳಿಗೆ ನೆನಪಿರುತ್ತಿರಲಿಲ್ಲ.

ಈ ದಿನ ಮೊದಲು ಮಾತಾಡಿದವನು ಒಬ್ಬ ಬಡಗಿ. ಅವನ ಮಗ ಹದಿನೆಂಟಕ್ಕೇ ಅಪ್ಪನಿಗಿಂತ ನಾಜೂಕಾಗಿ ಮರ ಜೋಡಿಸುತ್ತಿದ್ದನಂತೆ. ಗೆಳೆಯರ ಜೊತೆ ತಮಾಷೆಗೆ ಸೇದಲು ಶುರುಮಾಡಿದ್ದು ಎರಡೇ ವರ್ಷದಲ್ಲಿ ತಲೆ ಕೆಡಿಸಿತು. ಈಗ ಗೋಡೆಯೊಳಗೆ ಯಾರೋ ಮಾತಾಡುತ್ತಾರೆಂದು ದಿನವಿಡೀ ಅದಕ್ಕೆ ಕಿವಿಯಿಟ್ಟು ಕೂರುತ್ತಾನೆ. ಕದ್ದು ಮಾರುವಾಗಲೇ ಹೀಗಾದರೆ ಅಂಗಡಿಯಲ್ಲಿಟ್ಟು ಮಾರಿದಾಗ ಇನ್ನೆಷ್ಟು ಮನೆ ಹಾಳಾಗಬೇಕು ಎಂದು ಕೇಳಿ, ಉತ್ತರಕ್ಕೂ ಕಾಯದೆ ಬಡಗಿ ಕೂತುಬಿಟ್ಟಿದ್ದ.

ಆಮೇಲೆ ಎದ್ದವಳು ಬಟ್ಟೆ ಹೊಲಿಯುವ ಹೆಂಗಸು. ಆರು ವರ್ಷದ ಮಗಳಿಗೆ ದಿನಕ್ಕೆ ಇಪ್ಪತ್ತು ಮೂವತ್ತು ಸಲ ಫಿಟ್ಸ್ ಬರುತ್ತಿತ್ತು. ಯಾವ ಮಾತ್ರೆಯೂ ನಾಟಲಿಲ್ಲ. ಕೊನೆಗೆ ಯಾರೋ ಆ ಸೊಪ್ಪಿನ ಎಣ್ಣೆ ತಂದುಕೊಟ್ಟರು. ಎಂಟು ತಿಂಗಳಿಂದ ದಿನಾ ಸಂಜೆ ನಾಲಿಗೆಯಡಿ ನಾಲ್ಕು ಹನಿ. ಈಗ ವಾರಕ್ಕೊಂದು ಸಲ ಬಂದರೆ ಹೆಚ್ಚು. ಹೋದ ತಿಂಗಳು ಮಗು ಮೊದಲ ಬಾರಿಗೆ ಅಮ್ಮ ಅಂದಿತು. ಅಧ್ಯಕ್ಷರು ಕೈ ಎತ್ತಿ ತಡೆದದ್ದು ಇಲ್ಲೇ.

“ಬಿಡ್ಬೇಡಿ ಸಾರ್,” ಎಂದಳು ಹೆಂಗಸು. “ಕದ್ದು ಕೊಟ್ಟಿದ್ದೀನಿ. ಇವತ್ತು ಸಂಜೆನೂ ಕೊಡ್ತೀನಿ. ಅದನ್ನ ತೆಗೆದ್ರೆ ನಾನು ಹೇಳಕ್ಕೆ ಬಂದಿದ್ದೇನು?”

ಆ ಸಾಲುಗಳನ್ನು ಹೊಡೆದುಹಾಕುವಂತೆ ಅಧ್ಯಕ್ಷರು ಶೀಘ್ರಲಿಪಿಗಾರ್ತಿಗೆ ಕಣ್ಣಲ್ಲೇ ಸೂಚಿಸಿದರು. ಆಗ ಬಡಗಿ ಎದ್ದುನಿಂತ. ನೋಡಿದ್ದು ಅಧ್ಯಕ್ಷರನ್ನಲ್ಲ, ಶೀಘ್ರಲಿಪಿಗಾರ್ತಿಯನ್ನು.

“ಬರ್ಕೊಳ್ಳಿ ಅಕ್ಕಾ. ಅವರ ಮಾತು ಪೂರ್ತಿ ಬರ್ಕೊಳ್ಳಿ. ನಂದೂ ಇರ್ಲಿ, ಅದರಲ್ಲಿ ಒಂದಕ್ಷರ ನಾನು ಹಿಂದಕ್ಕೆ ತಗೊಳ್ಳಲ್ಲ. ಆ ಸೊಪ್ಪು ಅಂಗಡಿಗೆ ಬರಕೂಡದು. ಆದ್ರೆ ಈ ತಾಯಿನ ಹಿಡ್ಕೊಂಡು ಹೋದ್ರೆ ಜಾಮೀನಿಗೆ ನಾನು ನಿಲ್ತೀನಿ. ಇದನ್ನೂ ಬರ್ಕೊಳ್ಳಿ.”

ಇಪ್ಪತ್ತಾರು ವರ್ಷದಲ್ಲಿ ಆ ಸಭಾಂಗಣದಲ್ಲಿ ಅವಳನ್ನು ಉದ್ದೇಶಿಸಿ ಯಾರೂ ಮಾತಾಡಿರಲಿಲ್ಲ. ಅವಳು ತಲೆ ಎತ್ತಿದಳು. ಬಡಗಿಯ ಹುಬ್ಬಿಗೆ ಮರದ ಹೊಟ್ಟು ಅಂಟಿತ್ತು. ಮುಂದಿನ ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದು ನಿಂತಿದ್ದ. ಮಗನನ್ನು ನುಂಗಿದ ಸೊಪ್ಪನ್ನೇ ಕೈಯಲ್ಲಿ ಹಿಡಿದವಳಿಗೆ ಈತ ಹೊಣೆ ನಿಲ್ಲುತ್ತಾನೆ. ಒಂದು ಎದೆಯಲ್ಲಿ ಇಷ್ಟು ಜಾಗವಿರುತ್ತದೆಯೇ? ಅವಳ ಮೈ ಜುಮ್ಮೆಂದಿತು. ಪೆನ್ಸಿಲು ನಿಂತಿದೆ ಎಂದು ಹೊಳೆದದ್ದು ತಡವಾಗಿ. ತಲೆ ತಗ್ಗಿಸಿ ಬರೆದಳು, ಅವನದನ್ನೂ ಹೊಲಿಗೆಯವಳದನ್ನೂ, ಒಂದು ಮಾತೂ ಬಿಡದೆ.

ಮಧ್ಯಾಹ್ನ ಟೈಪು ಮಾಡುತ್ತಿದ್ದಾಗ ಅಧ್ಯಕ್ಷರು ಅವಳ ಮೇಜಿನ ಬಳಿ ಬಂದರು. ತೆಗೆದಿರಾ ಎಂದು ಕೇಳಿದರು.

“ಇಲ್ಲ ಸಾರ್. ಹೇಳಿದವರೇ ಬರೀರಿ ಅಂದಿದ್ದಾರೆ.”

“ಮೇಲಿನವರು ಕೇಳಿದ್ರೆ ನೀವೇ ಉತ್ತರ ಕೊಡ್ಬೇಕಾಗುತ್ತೆ.”

“ಕೊಡ್ತೀನಿ ಸಾರ್,” ಎಂದಳು. ಹೇಳಿದ ಮೇಲೆ ತನ್ನ ದನಿ ತನಗೇ ಹೊಸದೆನಿಸಿತು. ಅವರು ಹಾಳೆಯ ಮೇಲೆ ಒಮ್ಮೆ ಕಣ್ಣಾಡಿಸಿ, ಅದನ್ನು ಅಲ್ಲೇ ಬಿಟ್ಟು ಹೋದರು. ಪೊಲೀಸ್ ಅಧಿಕಾರಿ ಊಟಕ್ಕೆ ಮೊದಲೇ ಎದ್ದುಹೋಗಿದ್ದ. ಅವನ ಮನಸ್ಸಿನಲ್ಲೇನಿದೆಯೋ ಯಾರಿಗೂ ತಿಳಿಯಲಿಲ್ಲ.

ಸಹಿ ಹಾಕಿಸಲೆಂದು ಹಾಳೆಗಳನ್ನು ಹಿಡಿದು ಅವಳು ಕೆಳಗಿನ ವರಾಂಡಕ್ಕೆ ಬಂದಳು. ಹೊಲಿಗೆಯವಳು ತನ್ನದನ್ನು ಓದಿ ಸಹಿ ಮಾಡಿದಳು. ಬಡಗಿ ಜೇಬು ತಡಕಿ, ಕನ್ನಡಕ ಮನೆಯಲ್ಲೇ ಉಳಿಯಿತು, ಯಾರಾದರೂ ಓದಿ ಹೇಳಿ ಎಂದ. ಶೀಘ್ರಲಿಪಿಗಾರ್ತಿ ಬಾಯಿ ತೆರೆಯುವಷ್ಟರಲ್ಲಿ ಹೊಲಿಗೆಯವಳು ಹಾಳೆಯನ್ನು ತೆಗೆದುಕೊಂಡು ಓದತೊಡಗಿದ್ದಳು.

ಒಂದೂ ಮಾತು ನುಂಗದೆ, ಎಲ್ಲೂ ದನಿ ತಗ್ಗಿಸದೆ ಓದಿದಳು. ಅವನ ಮಗನ ಹೆಸರು ಬಂದಲ್ಲಿ ನಿಂತು, ಸೆರಗಿನಿಂದ ಬಾಯಿ ಒರೆಸಿಕೊಂಡು ಆ ಸಾಲನ್ನು ಮತ್ತೆ ಮೊದಲಿನಿಂದ ಓದಿದಳು. ಬಡಗಿ ಕಂಬಕ್ಕೊರಗಿ ಕಣ್ಣು ಮುಚ್ಚಿ ಕೇಳುತ್ತಿದ್ದ. ಮೆಟ್ಟಿಲು ಹತ್ತಿ ಬರುತ್ತಿದ್ದವರು ಸದ್ದಿಲ್ಲದೆ ಗೋಡೆಯ ಪಕ್ಕಕ್ಕೆ ಸರಿದು, ಇಬ್ಬರನ್ನೂ ಬಳಸಿಕೊಂಡು ಹೋಗುತ್ತಿದ್ದರು.