ಲೊರೇನ್ ಹೊಲಿದ ಶಾಲು

ಸ್ಮಿತಾಳ ಮನೆಯಲ್ಲಿ ಒಂದು ಕಪಾಟಿತ್ತು. ಹಾಫ್‌ಮನ್ ಎಸ್ಟೇಟ್ಸ್ ಎಂಬ ಆ ಪರದೇಶದ ಊರಿನ ಯಾವ ಕನ್ನಡದ ಮನೆಯಲ್ಲಿ ಅದಿಲ್ಲ ಹೇಳಿ! ಬಂದ ಉಡುಗೊರೆಗಳೆಲ್ಲ ಅಲ್ಲಿ ಕೆಲವು ದಿನ ತಂಗಿ, ಹೊಸ ಬಣ್ಣದ ಹಾಳೆ ಸುತ್ತಿಸಿಕೊಂಡು ಮುಂದಿನ ಮನೆಗೆ ಹೊರಡುತ್ತವೆ. ಗೋಡೆ ಗಡಿಯಾರ, ಗಾಜಿನ ಗಣಪತಿ, ಯಾರೂ ಹೊಲಿಸದ ಬ್ಲೌಸ್‌ಪೀಸು, ಎಲ್ಲಕ್ಕೂ ಒಂದೇ ಮರ್ಯಾದೆ.

ಲೊರೇನ್ ಕೊಟ್ಟ ಶಾಲೂ ಹಾಗೆಯೇ ಹೋಗಿತ್ತು. ಲೊರೇನ್ ಅಲ್ಲಿನ ಮೂಲನಿವಾಸಿಗಳಾದ ಪೊಟವಾಟಮಿ ಜನರ ಅಜ್ಜಿ. ಮಂಡಿ ಆಪರೇಷನ್ ಆದಮೇಲೆ, ಮತ್ತೆ ಕುಣಿದೇ ತೀರುತ್ತೇನೆಂದು ಹಟ ಹಿಡಿದು, ಫಿಸಿಯೋಥೆರಪಿಗೆ ಸ್ಮಿತಾಳ ಬಳಿ ಬರುತ್ತಿದ್ದಳು. ಕೋಲು ಬಿಟ್ಟು ನಡೆದ ದಿನ, ಅಂಚಿಗೆಲ್ಲ ಉದ್ದುದ್ದ ರಿಬ್ಬನ್ ಕಟ್ಟಿ ತಾನೇ ಹೊಲಿದ ಕೆಂಪು ಶಾಲನ್ನು ಸ್ಮಿತಾಳಿಗೆ ಹೊದಿಸಿದ್ದಳು. ಸ್ಮಿತಾಗೆ ಅಜ್ಜಿಯ ಮೇಲೆ ಬಹಳ ಪ್ರೀತಿ. ಶಾಲಿನ ಮೇಲೆ ಅಂಥದ್ದೇನೂ ಇರಲಿಲ್ಲ. ಹತ್ತಿರದ ಊರು ಸ್ಕೋಕಿಯ ಪದ್ಮಳ ಗೃಹಪ್ರವೇಶಕ್ಕೆ ಅದನ್ನೇ ಎತ್ತಿ ಕೊಟ್ಟುಬಿಟ್ಟಿದ್ದಳು.

ಈಗ ಲೊರೇನಳ ಫೋನು. "ಶನಿವಾರ ಮಿಷಿಗನ್ನಿನಲ್ಲಿ ನಮ್ಮೂರ ಪೌವೌ. ನಗಾರಿ, ಕುಣಿತ, ಊಟ ಎಲ್ಲ ಇರುತ್ತದೆ. ಮನೆಯವರನ್ನೂ ಕರೆದುಕೊಂಡು ಬಾ. ನನ್ನ ಶಾಲು ಹೊದ್ದು ನನ್ನ ಪಕ್ಕದಲ್ಲೇ ಕುಣಿಯಬೇಕು."

ಇನ್ನು ಆ ಅಜ್ಜಿಗೆ ಮುಖ ತೋರಿಸುವುದು ಹೇಗೆ? ಸ್ಮಿತಾ ಕೂಡಲೇ ಪದ್ಮಳಿಗೆ ಫೋನ್ ಮಾಡಿ ಶಾಲಿನ ವಿಷಯ ಎತ್ತಿದಳು.

"ಆ ಶಾಲಾ? ಅಯ್ಯೋ, ಅದನ್ನ ಹೊದ್ಕೊಳ್ದೇ ನಂಗೆ ನಿದ್ದೇನೇ ಬರಲ್ಲ ಕಣ್ರೀ" ಎಂದಳು ಪದ್ಮ.

"ಹಂಗಾರ ಒಂದ ದಿನದ ಮಟ್ಟಿಗೆ ಕೊಡ್ರಿ" ಎಂದಳು ಸ್ಮಿತಾ.

ಆಗ ಪದ್ಮ ಬಾಯಿಬಿಟ್ಟಳು: ಶಾಲು ಬೋಲಿಂಗ್‌ಬ್ರೂಕಿನ ದೀಪ್ತಿಯ ಮನೆ ಸೇರಿ ಎಷ್ಟೋ ದಿನವಾಗಿದೆ. ದೀಪ್ತಿಗೆ ಫೋನ್ ಮಾಡಿದರೆ ಅವಳು ಬೆಂಗಳೂರಿನ ವಿಮಾನದಲ್ಲಿದ್ದಳು.

ಗತ್ಯಂತರವಿಲ್ಲದೆ ಸ್ಮಿತಾ ಮಾಲ್‌ನಿಂದ ಒಂದು ಬೂದು ಶಾಲು ಕೊಂಡಳು. ಗಂಡ ಈರೇಶ್ ಡ್ರೈವ್ ಮಾಡುತ್ತಿದ್ದರೆ, ಶಾಲು ಡ್ರೈ ಕ್ಲೀನಿಂಗಿಗೆ ಹೋಗಿದೆ ಎಂಬ ಸುಳ್ಳನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಉರುಹೊಡೆದಳು. ಬಾಗಲಕೋಟೆಯಿಂದ ಬಂದಿದ್ದ ಅತ್ತೆ ಗಂಗವ್ವ ಹಿಂದಿನ ಸೀಟಿನಲ್ಲಿ ನಿಶ್ಚಿಂತೆಯಿಂದ ಚುರುಮುರಿ ಮುಕ್ಕುತ್ತಿದ್ದಳು.

ಬಯಲಿನ ನಡುವೆ ದುಂಡಗಿನ ಅಂಗಳ, ನಗಾರಿಯ ಸದ್ದು, ಬೀಸುವ ಗಾಳಿ. ಲೊರೇನ್ ನೆಟ್ಟಗೆ ನಡೆದು ಬಂದು ಸ್ಮಿತಾಳನ್ನು ತಬ್ಬಿಕೊಂಡಳು. ಸುಳ್ಳು ಇನ್ನೇನು ತುಟಿಗೆ ಬರಬೇಕು, ಅಷ್ಟರಲ್ಲಿ ಗಂಗವ್ವ "ಏನ ಥಂಡಿ ಇದು ಯವ್ವಾ!" ಎನ್ನುತ್ತ ಚೀಲದಿಂದ ಶಾಲೊಂದನ್ನು ಎಳೆದು ಹೊದ್ದಳು. ಕೆಂಪು ಶಾಲು. ಅಂಚಿಗೆಲ್ಲ ರಿಬ್ಬನ್ನು.

"ಅತ್ತೆರ, ಇದ ಎಲ್ಲಿಂದ ಬಂತ್ರಿ?"

"ದೀಪ್ತಿ ಕೊಟ್ಟಾಳ, ಮೊನ್ನಿ ನನ್ನ ಉಡಿ ತುಂಬಿದಾಗ. ಊರಿಗೆ ಒಯ್ದು ಯಾರಿಗರೆ ಕೊಟ್ಟರಾತು ಅಂತ ಇಟ್ಕೊಂಡೀನಿ."

ಲೊರೇನ್ ಶಾಲಿನ ಅಂಚು ಹಿಡಿದು ತನ್ನದೇ ಹೊಲಿಗೆಯನ್ನು ನೋಡಿದಳು. ಆಮೇಲೆ ಸ್ಮಿತಾಳನ್ನು ನೋಡಿದಳು. ಸ್ಮಿತಾಗೆ ಸುಳ್ಳು ಹೇಳಲಾಗಲಿಲ್ಲ. ಕಪಾಟು, ಪದ್ಮ, ದೀಪ್ತಿ, ಎಲ್ಲವನ್ನೂ ತಲೆತಗ್ಗಿಸಿಕೊಂಡು ಹೇಳಿದಳು.

"ಕೈಗೆ ಬಂದದ್ದನ್ನು ಇನ್ನೊಬ್ಬರಿಗೆ ಕೊಡುವುದು ತಪ್ಪಲ್ಲ, ನಾವೂ ಕೊಡುತ್ತೇವೆ" ಎಂದಳು ಲೊರೇನ್. "ಇಷ್ಟು ಮನೆ ಸುತ್ತಿ ಬಂತಲ್ಲ, ಇದನ್ನು ಹೊದ್ದು ಯಾರಾದರೂ ಕುಣಿದರಾ?"

ಸ್ಮಿತಾಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಎನ್ನಿಸಿತು.

ನಗಾರಿ ಮತ್ತೆ ಮೊಳಗಿತು. ಅತಿಥಿಗಳೂ ಅಂಗಳಕ್ಕಿಳಿಯಬೇಕೆಂದು ಮೈಕಿನಲ್ಲಿ ಕರೆದರು.

"ಏನಂತಾರ?" ಎಂದಳು ಗಂಗವ್ವ.

"ಎಲ್ಲಾರೂ ಕುಣೀಬೇಕಂತ್ರಿ."

"ಮತ್ತ ನಿಂತೀ ಯಾಕ?" ಎಂದವಳೇ ಗಂಗವ್ವ ಲೊರೇನಳ ತೋಳು ಹಿಡಿದು ಹೊರಟಳು. ಇಬ್ಬರೂ ನಗಾರಿಗೆ ಹೆಜ್ಜೆ ಹಾಕಿ ಒಂದು ಸುತ್ತು ಬಂದರು. ಗಾಳಿಗೆ ರಿಬ್ಬನ್ನುಗಳು ಹಾರಾಡಿದವು. ಸ್ಮಿತಾ ಓಡಿ ಅವರನ್ನು ಸೇರಿಕೊಂಡಳು.

"ಅತ್ತೆರ, ಆ ಶಾಲು ನನಗ ಕೊಡ್ರಿ. ಅದು ನಂದು."

ಗಂಗವ್ವ ಶಾಲನ್ನು ಬಿಗಿಯಾಗಿ ಎಳೆದುಕೊಂಡಳು.

"ಕೊಡಂಗಿಲ್ಲ. ನಿನಗೂ ಇಲ್ಲ, ಊರಾಗ ಯಾರಿಗೂ ಇಲ್ಲ."

ಅಷ್ಟು ಮನೆಗಳಲ್ಲಿ ಆ ಶಾಲನ್ನು ಕೊಡುವುದಿಲ್ಲ ಎಂದವಳು ಇವಳೊಬ್ಬಳೇ. ಸ್ಮಿತಾ ಅತ್ತೆಯ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಲೊರೇನ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸ್ಮಿತಾ ಮಾಲ್‌ನ ಬೂದು ಶಾಲು ಹೊದ್ದು ಅವರಿಬ್ಬರ ಹಿಂದೆ ಕುಣಿದಳು.