ಚಿತ್ರದಲ್ಲಿ ಬೆಳ್ಳಗೆ ಕಂಡ ನಮ್ಮ ಮಡ್ಡಿ

ಎಪ್ಪತ್ತೊಂಬತ್ತರ ಮುಂಗಾರಿನಲ್ಲಿ ನಮ್ಮ ವಸ್ತಿಯ ಜನ ಮುಗಿಲು ನೋಡುತ್ತಲೇ ನಡೆಯುತ್ತಿದ್ದರು. ಆಕಾಶದಲ್ಲಿ ತಿರುಗುವ ಅಮೆರಿಕದ ಸ್ಕೈಲ್ಯಾಬ್ ಎಂಬ ಯಂತ್ರ ಭೂಮಿಗೆ ಬೀಳುತ್ತದೆ, ಎಲ್ಲಿ ಬೀಳುತ್ತದೋ ಗೊತ್ತಿಲ್ಲ ಎಂದು ರೇಡಿಯೊದಲ್ಲಿ ಬಂದಿತ್ತು. ನೆರೆಮನೆಯ ಮಾಳವ್ವ ಮೊಮ್ಮಗಳನ್ನು ಅಂಗಳಕ್ಕೂ ಬಿಡುತ್ತಿರಲಿಲ್ಲ. ಕಡೆಗೆ ಅದು ಎಲ್ಲೋ ದೂರ ಬಿತ್ತಂತೆ ಎಂದು ಸುದ್ದಿ ಬಂತು. ಉಸಿರು ಬಿಟ್ಟೆವು. ಅಷ್ಟರಲ್ಲಿ ಮಾಳವ್ವ ತಿಕೋಟಾ ಸಂತೆಯಿಂದ ಇನ್ನೊಂದು ಸುದ್ದಿ ತಂದಳು.

"ಮ್ಯಾಲೆ ಇನ್ನೊಂದು ಐತೆಂತ. ಅದು ಬೀಳೂದಿಲ್ಲ, ನೋಡತೈತೆಂತ. ಅಡವಿ ಕಡದವರ ಫೋಟೋ ತಗದೈತೆಂತ. ನಮ್ಮ ಮಡ್ಡಿಗೆ ಕೆಂಪ ಬಳದಾರಂತ!"

ನಮ್ಮ ವಸ್ತಿ ಇರುವುದು ತಿಕೋಟಾಕ್ಕೂ ಬಬಲೇಶ್ವರಕ್ಕೂ ನಡುವೆ. ಹಿಂದೆ ಕಲ್ಲುನೆಲದ ಗುಡ್ಡ, ಅಂದರೆ ನಮ್ಮ ಮಡ್ಡಿ; ಮಡ್ಡಿಯ ಮೇಲೆ ಸರ್ಕಾರ ಕಲ್ಲು ನೆಟ್ಟು ಕಾದಿಟ್ಟ ಅಡವಿ. ಬೇವು, ಜಾಲಿ, ತಂಗಡಿ, ನಡುವೆ ಚಿಗರಿ ಜಿಂಕೆಗಳ ಹಿಂಡು. ಮಡ್ಡಿಯ ಬುಡಕ್ಕೆ ಬಾವಿ. ನಮಗಿರುವುದು ಅದೊಂದೇ ಬಾವಿ.

ಮಾಳವ್ವನ ಮಾತು ಕೇಳಿ ಎಲ್ಲರಿಗಿಂತ ಹೆಚ್ಚು ಅಂಜಿದವನು ಲಾಡಲೇಸಾಬ. ಅವನು ಸುಣ್ಣ ಸುಡುವವನು. ಬಟ್ಟಿಗೆ ಬೇಕಾದ ಕಟ್ಟಿಗೆಯನ್ನು ಐದು ವರ್ಷದಿಂದ ಬಾವಿಯ ಮೇಲಿನ ಇಳಿಜಾರಿನಲ್ಲೇ ಕಡಿಯುತ್ತಿದ್ದ. ಹಿಂದೊಮ್ಮೆ ಗಂಡಸರನ್ನು ಮಕ್ಕಳಾಗದ ಆಪರೇಷನ್ನಿಗೆ ಒಯ್ಯಲು ಜೀಪು ಬಂದಾಗ ಎರಡು ದಿನ ಜೋಳದ ಹೊಲದಲ್ಲಿ ಅಡಗಿದ್ದವನು ಅವನು. ಖಾಕಿ ಕಂಡರೆ ಇಂದಿಗೂ ಅವನು ದಾರಿ ಬಿಟ್ಟು ಹೊಲಕ್ಕಿಳಿಯುತ್ತಾನೆ.

ಮರುದಿನ ಮುಂಜಾನೆ ನಾನು ಕುರಿ ಹೊಡೆದುಕೊಂಡು ಮಡ್ಡಿ ಏರಿದೆ. ಲಾಡಲೇಸಾಬ ಹಸಿ ಬೇವಿನ ಟೊಂಗೆ ಕಡಿದು ಕಡಿದು ಕೆಡವುತ್ತಿದ್ದ. ಅವನ ಹೆಂಡತಿ ಪೀರಾಂಬಿ ಅವನ್ನು ಎಳೆದು ತಂದು ಬೋಳು ನೆಲದ ಮೇಲೆ ಹಾಸುತ್ತಿದ್ದಳು.

"ಲೇ ಲಾಡಲ್ಯಾ, ಏನ್ ಮಾಡಾಕತ್ತೀಯೋ?"

"ಮೆತ್ತಗ ಮಾತಾಡ್ರಿ ಕಾಕಾ!" ಆತ ಮುಗಿಲ ಕಡೆ ನೋಡಿದ. "ಮ್ಯಾಲಿಂದ ನೋಡಿದ್ರ ಹಸರ ಕಾಣ್ಲಿ ಅಂತ ಹಾಸಾಕತ್ತೇವಿ."

"ಹಸರ ತೋರ್ಸಾಕ ಹಸರನ್ನ ಕಡೀತೀಯೇನೋ?"

"ನಾನೂ ಅದನ್ನ ಹೇಳೀನ್ರಿ," ಎಂದಳು ಪೀರಾಂಬಿ. "ಕೇಳಬೇಕಲ್ಲ! ಎರಡ ದಿನ ಆತು, ರೊಟ್ಟಿ ಮುಟ್ಟಿಲ್ಲ. ಬಂಡಿ ಹೇರೇವ್ರಿ ಕಾಕಾ. ಮಧ್ಯಾಹ್ನ ಸೊಲ್ಲಾಪುರಕ್ಕ ಹೊಂಟೇವಿ, ನಮ್ಮ ಅಣ್ಣನ ಮನಿಗೆ. ತಿರುಗಿ ಬರೂದು ಇಲ್ಲ."

ಅವಳ ಕಣ್ಣು ಕೆಳಗಿನ ತನ್ನ ಮನೆಯ ಮೇಲೆಯೇ ಇತ್ತು. ಆ ಗೋಡೆಗೆ ಅವಳೇ ಸುಣ್ಣ ಬಳಿದಿದ್ದಳು.

ಅಷ್ಟರಲ್ಲಿ ಕೆಳಗಿನಿಂದ ಒಬ್ಬ ಸೈಕಲ್ ನೂಕುತ್ತ ಬಂದ. ಮೈಮೇಲೆ ಖಾಕಿ ಅಂಗಿ, ಕೈಯಲ್ಲಿ ಕಾಗದದ ಸುರುಳಿ. ಲಾಡಲೇಸಾಬ ಕೊಡಲಿ ಬಿಸುಟು ಓಡಲು ತಿರುಗಿದ.

"ಓಡಬ್ಯಾಡಣ್ಣಾ! ಬೆನ್ನ ಹತ್ತಬೇಕಂದ್ರ ನನ್ನ ಸೈಕಲ್ ಚೈನ್ ಹರದೈತಿ," ಎಂದ ಬಂದವನು.

ಗುರುತು ಹಿಡಿದೆ. ಸಾರವಾಡದ ದಶರಥ. ಅವನಪ್ಪ ಮತ್ತು ನಾನು ಕೂಡಿ ಕುರಿ ಕಾದವರು. ಮಗ ಓದಿ ಅಡವಿ ಖಾತೆ ಸೇರಿದ್ದ. ಆಕಾಶದಿಂದ ತೆಗೆದ ಚಿತ್ರ ಓದುವುದನ್ನು ಹೈದರಾಬಾದಿಗೆ ಹೋಗಿ ಕಲಿತು ಬಂದಿದ್ದ.

ಅವನು ಎರಡು ಚಿತ್ರಗಳನ್ನು ಬಂಡೆಯ ಮೇಲೆ ಬಿಚ್ಚಿದ. ಎರಡರಲ್ಲೂ ಕೆಂಪು ಕೆಂಪು.

"ಯಾ ಅಲ್ಲಾ, ರಕ್ತ!" ಎಂದು ಪೀರಾಂಬಿ ಹಿಂದೆ ಸರಿದಳು.

"ರಕ್ತ ಅಲ್ಲಬೇ ಅಕ್ಕಾ. ಈ ಚಿತ್ರದಾಗ ಹಸರ ಗಿಡ ಕೆಂಪಗ ಕಾಣತಾವು. ಕೆಂಪ ಇದ್ದಲ್ಲಿ ಅಡವಿ ಜೀವಂತ ಐತಿ ಅಂತ ತಿಳೀರಿ. ಬೆಳ್ಳಗಾಗಿದ್ದಕ್ಕ ಅಂಜಬೇಕು."

"ಇದರಾಗ ನನ್ನ ಮಾರಿ ಎಲ್ಲೈತಿ?" ಲಾಡಲೇಸಾಬ ಬಾಗಿ ಹುಡುಕಿದ.

"ಇದರಾಗ ಒಂದು ಚುಕ್ಕಿ ಅಂದ್ರ ಎಕರೆ ಜಾಗ. ಮಂದಿ ಮಾರಿ ಕಾಣಂಗಿಲ್ಲ. ಅಕ್ಕನ ತಲಿ ಮ್ಯಾಲಿನ ಹೊರೀನೂ ಕಾಣಂಗಿಲ್ಲ. ಆದ್ರ ಒಂದ ಜಾಗದಾಗ ವರ್ಷಗಟ್ಲೆ ಕಡದ್ರ ಕಾಣತೈತಿ."

"ಮತ್ತ ಈ ಚಿತ್ರ ತಗದದ್ದೂ ಸ್ಕೈಲ್ಯಾಬಿನಂಗ ತಲಿ ಮ್ಯಾಲೆ ಬಿದ್ರ?" ಎಂದ ಲಾಡಲೇಸಾಬ.

"ಅದ ಬ್ಯಾರೆ, ಇದ ಬ್ಯಾರೆ. ಇದು ಚಿತ್ರ ತಗಿಯೂ ಉಪಗ್ರಹ, ಭಾಳ ಎತ್ತರದಾಗ ಐತಿ. ಹದಿನೆಂಟು ದಿನಕ್ಕೊಮ್ಮೆ ನಮ್ಮ ಮ್ಯಾಲಿಂದ ಹಾದು ಹೋಗತೈತಿ."

ದಶರಥ ಬೆರಳಿಟ್ಟು ತೋರಿಸಿದ. ಮೊದಲನೆಯದು ಎಪ್ಪತ್ಮೂರರ ದೀಪಾವಳಿ ಹೊತ್ತಿನದು. ಕೆಂಪು ನಮ್ಮ ಬಾವಿಯ ತನಕ ಇಳಿದಿತ್ತು. ಎರಡನೆಯದು ಕಳೆದ ದೀಪಾವಳಿಯದು. ಅದರಲ್ಲಿ ಬಾವಿಯ ಮೇಲೆ ನಾಲಿಗೆಯಂತೆ ಬೆಳ್ಳಗೆ ಚಾಚಿಕೊಂಡಿತ್ತು.

"ಎಷ್ಟು ಹೋಗೈತಿ ಅಂತ ಚಿತ್ರ ಹೇಳತೈತಿ," ಎಂದ ದಶರಥ. "ಯಾರಿಂದ, ಯಾಕ ಅನ್ನೂದು ಊರವರ ಹೇಳಬೇಕು. ಯಾರ ಹೇಳ್ತೀರಿ?"

ನನಗೆ ಎಲ್ಲ ಗೊತ್ತಿತ್ತು. ಹಿಂದೆಲ್ಲ ಬೇಸಿಗೆಯಲ್ಲಿ ನೀರು ಇಳಿದಾಗ ಬಾವಿಯ ಹದಿನಾಲ್ಕು ಮೆಟ್ಟಿಲು ಕಾಣುತ್ತಿದ್ದವು. ಈ ಬೇಸಿಗೆ ಒಂಬತ್ತು ಮೆಟ್ಟಿಲಿಗೇ ಕೆಸರು ಸಿಕ್ಕಿತು. ಉಳಿದ ಐದು ಮಡ್ಡಿಯಿಂದ ಹರಿದುಬಂದ ಮಣ್ಣಿನಡಿ ಹೋಗಿದ್ದವು. ನಾನು ಅದನ್ನು ಎಣಿಸಿ ಸುಮ್ಮನಿದ್ದೆ, ಯಾಕೆಂದರೆ ಕಡಿದ ಬೊಡ್ಡೆಗಳು ಚಿಗುರಿದಾಗ ಆ ಚಿಗುರು ತಿಂದದ್ದು ನನ್ನ ಕುರಿಗಳು.

"ಬರಕೋ ತಮ್ಮಾ," ಎಂದೆ. "ಚಿಗತದ್ದನ್ನ ತಿಂದಾವು ನನ್ನ ಕುರಿ."

ಲಾಡಲೇಸಾಬ ನನ್ನನ್ನು ನೋಡಿದ.

ಆಗಲೇ ಮಳೆ ಬಂತು. ಕಾಲು ತಾಸು ದಪ್ಪ ಹನಿ ಬಿದ್ದಿತು, ಅಷ್ಟೆ. ಬೋಳು ಇಳಿಜಾರು ಕೆಂಪಗೆ ಹರಿಯತೊಡಗಿತು. ಅವರು ಹಾಸಿದ ಟೊಂಗೆಗಳು ಒಂದರ ಮೇಲೊಂದು ಜಾರಿ, ಮಣ್ಣನ್ನು ಕೂಡಿಕೊಂಡು ಬಾವಿಯೊಳಗೆ ಬಿದ್ದವು. ಪೀರಾಂಬಿ ಚೀರುತ್ತ ಕೆಳಗೋಡಿ ಕೊಡ ಇಳಿಸಿದಳು. ಮೇಲೆ ಬಂದದ್ದು ರಾಡಿ. ರಾಡಿಯಲ್ಲಿ ಅವಳೇ ಹಾಸಿದ ಬೇವಿನ ಎಲೆ.

"ನೋಡ್ರಿ!" ಕೊಡವನ್ನು ಗಂಡನ ಮುಂದೆ ಇಟ್ಟಳು. "ಸೊಲ್ಲಾಪುರಕ್ಕ ನಾವು ಹೋಗ್ತೀವಿ. ಮಾಳವ್ವನ ಮೊಮ್ಮಗಳು ಏನ್ ಕುಡೀಬೇಕು?"

ಆತ ಕೊಡದೊಳಗಿನ ಒಂದು ಎಲೆ ತೆಗೆದು ನೋಡಿದ. ಆಮೇಲೆ ದಶರಥನ ಕಡೆ ತಿರುಗಿದ.

"ಕಡದಾಂವ ನಾನು. ಲಾಡಲೇಸಾಬ ಅಂತ ಬರಕೋ. ಜೈಲಿಗೆ ಹಾಕ್ತಾರೇನು?"

"ಅದು ನನ್ನ ಕೈಯಾಗಿಲ್ಲಣ್ಣಾ, ಸುಳ್ಳ ಹೇಳಂಗಿಲ್ಲ. ಇಂವಾ ತಾನ ಮುಂದ ಬಂದು ಹೇಳ್ಯಾನ, ಬಾವಿ ಉಳಸಾಕ ಇಲ್ಲಿ ಬೀಜ ಹಾಕಬೇಕು ಅಂತ ಬರೀತೀನಿ."

"ಕಡೀದಿದ್ರ ಬಟ್ಟಿಗೆ ಏನ್ ಹಾಕ್ಲಿ?"

ಉತ್ತರ ಕೊಟ್ಟವಳು ಪೀರಾಂಬಿ. "ವಿಜಾಪುರದ ಜೋರಾಪುರ ಪ್ಯಾಟಿಗೆ ಸುಣ್ಣ ಒಯ್ದ ಬಂಡಿ ಖಾಲಿ ಬರತೈತಿ. ಅಲ್ಲೇ ಟೇಶನ್ನಿನಾಗ ರೈಲ್ ಎಂಜಿನ್ದು ಅರ್ಧ ಸುಟ್ಟ ಕಲ್ಲಿದ್ಲಿ ಮಾರ್ತಾರ. ಅದನ್ನ ತುಂಬ್ಕೊಂಡ ಬರ್ರಿ. ಇಷ್ಟಕ್ಕ ಸರ್ಕಾರ ಆಕಾಶಕ್ಕ ಹೋಗಬೇಕಾತು ನೋಡ್ರಿ ಕಾಕಾ!"

ಆ ಮಧ್ಯಾಹ್ನ ಅವರು ಬಂಡಿಯ ಸಾಮಾನು ಇಳಿಸಿದರು. ನಾನು ಕುರಿಗಳನ್ನು ಕಲ್ಲಿನ ಗಡಿಯಿಂದ ಹೊರಗೆ ತಂದೆ. ವಸ್ತಿಯವರೆಲ್ಲ ಕೂಡಿ ಇಳಿಜಾರಿಗೆ ಅಡ್ಡ ಕಲ್ಲಿನ ಒಡ್ಡು ಹಾಕಿ, ಬೇವಿನ ಬೀಜ ಊರಿದೆವು. ಲಾಡಲೇಸಾಬನಿಗೆ ದಂಡ ಬರುವುದೋ ಇಲ್ಲವೋ ಇನ್ನೂ ತಿಳಿದಿಲ್ಲ. ಅವನು ಅಂಜುತ್ತಲೇ ಇದ್ದಾನೆ. ಆದರೆ ಇಲ್ಲೇ ಇದ್ದಾನೆ.

ಇದನ್ನು ಓದುವ, ಓದಿಸಿ ಕೇಳುವ ಅಣ್ಣಂದಿರೆ, ಅಕ್ಕಂದಿರೆ, ಅಡವಿಯ ಅಂಚಿನಲ್ಲಿ ನಿಮ್ಮ ಮನೆಯಿದ್ದರೆ ಇಂಥ ಚಿತ್ರ ಹಿಡಿದು ನಿಮ್ಮ ಬಾಗಿಲಿಗೂ ಯಾರಾದರೂ ಬಂದಾರು. ಬಾಗಿಲು ಹಾಕಿಕೊಳ್ಳಬೇಡಿರಿ. ಜೊತೆಗೆ ಮಡ್ಡಿ ಹತ್ತಿರಿ, ಮೊದಲು ಎಲ್ಲಿ ಏನಿತ್ತು ಎಂದು ಹೇಳಿರಿ. ಊರಿನ ಹಿರಿಯರಿಗೆ ನೆನಪಿರುತ್ತದೆ, ಅವರನ್ನು ಕರೆಯಿರಿ. ತಪ್ಪು ನಿಮ್ಮದಿದ್ದರೆ ಅದನ್ನೂ ಹೇಳಿರಿ. ಹಸಿ ಗಿಡಕ್ಕೆ ಕೊಡಲಿ ಹಾಕಬೇಡಿರಿ, ಚಿಗುರಿಗೆ ದನಕುರಿ ಬಿಡಬೇಡಿರಿ.

ಈ ದೀಪಾವಳಿಗೆ ಆ ಉಪಗ್ರಹ ಮತ್ತೆ ನಮ್ಮೆಲ್ಲರ ಮೇಲಿಂದ ಹಾದುಹೋಗುತ್ತದೆ. ಅದರ ಚಿತ್ರ ಬರುವ ತನಕ ಕಾಯಬೇಡಿರಿ. ಇವತ್ತೇ ಹೋಗಿ ನಿಮ್ಮ ಬಾವಿಯ ಮೆಟ್ಟಿಲು ಎಣಿಸಿರಿ.