ಗೋಡೆ ಕಟ್ಟದ ಕರಣೆ

ನಾನು ಒಂದು ಕರಣೆ. ಗೌಂಡಿಗಳ ಕೈಯಲ್ಲಿ ಗಾರೆ ಬಳಿಯುತ್ತಾ, ಇಟ್ಟಿಗೆಗೆ ಇಟ್ಟಿಗೆ ಕೂಡಿಸುತ್ತಾ ಇರಬೇಕಾದ ಜಾತಿ ನನ್ನದು. ಹಾಗಾಗಲಿಲ್ಲ. ಯಾಕೆ ಆಗಲಿಲ್ಲ ಎಂಬುದೇ ನನ್ನ ಕಥೆ. ಕೇಳುವ ಮೊದಲೇ ಮುಖ ಸಣ್ಣ ಮಾಡಬೇಡಿ, ನಾನು ಸುಖವಾಗಿಯೇ ಇದ್ದೇನೆ.

ಹುಟ್ಟಿದ್ದು ಗದಗಿನಲ್ಲಿ, ಮೌನೇಶ ಕಮ್ಮಾರನ ಕುಲುಮೆಯಲ್ಲಿ. ಅದಕ್ಕೂ ಮೊದಲು ಯಾವುದೋ ಲಾರಿಯ ಕಮಾನುಪಟ್ಟಿಯಾಗಿದ್ದೆನಂತೆ. ಮೌನೇಶ ಕೆಂಪಗೆ ಕಾಯಿಸಿ, ಬಡಿದು, ಎಲೆಯ ಆಕಾರ ಕೊಟ್ಟು, ಜಾಲಿಮರದ ಹಿಡಿ ಹಾಕಿದ. "ಹೋಗು, ಮನಿ ಕಟ್ಟು, ಗುಡಿ ಕಟ್ಟು" ಎಂದು ಪ್ರತಿ ಕರಣೆಗೂ ಹೇಳಿ ಕಳಿಸುವುದು ಅವನ ಪದ್ಧತಿ. ನಾನು ಆ ಮಾತನ್ನು ನಿಜವೆಂದೇ ನಂಬಿದ್ದೆ.

ಪೇಟೆಯ ಕಬ್ಬಿಣದ ಅಂಗಡಿಯಲ್ಲಿ ಅಣ್ಣತಮ್ಮಂದಿರ ಜೊತೆ ಮೊಳೆಗೆ ತೂಗುಬಿದ್ದಿದ್ದೆ. ಒಂದು ಮಧ್ಯಾಹ್ನ ಹೆಗಲಿಗೆ ಚೀಲ ಹಾಕಿಕೊಂಡ ಹುಡುಗಿಯೊಬ್ಬಳು ಬಂದಳು. ಎಲ್ಲರನ್ನೂ ಇಳಿಸಿ, ತುದಿ ಬಗ್ಗಿಸಿ ನೋಡಿ, ಕೊನೆಗೆ ನನ್ನನ್ನು ಆರಿಸಿಕೊಂಡಳು. ಅಂಚನ್ನು ಚೂಪಾಗಿ ಉಜ್ಜಿ ಕೊಡಲು ಹೇಳಿದಳು. ಅಂಗಡಿಯವನಿಗೆ ನಗು ಬಂತು.

"ಏನವಾ, ಗೌಂಡಿ ಕೆಲಸಾ ಕಲ್ತೀಯೇನ?"

"ಹೂಂ ರೀ. ಆದ್ರ ಕಟ್ಟೂದಿಲ್ಲ, ಬಿಚ್ಚೂದು" ಎಂದಳು.

ಅವಳೇ ನೀಲಾಂಬಿಕಾ. ಪುರಾತತ್ವ ಓದಿ ಆಗತಾನೇ ಕೆಲಸಕ್ಕೆ ಸೇರಿದ್ದಳು. ರಸ್ತೆ, ಕಾಲುವೆ, ಗಾಳಿಯಂತ್ರ ಏನೇ ಬರಲಿ, ಅಗೆಯುವ ಯಂತ್ರಕ್ಕಿಂತ ಮೊದಲು ಆ ನೆಲಕ್ಕೆ ಹೋಗಿ ಹಳೆಯ ಕಾಲದ್ದೇನಾದರೂ ಇದೆಯೇ ಎಂದು ನೋಡಿ ಹೇಳುವುದು ಅವಳ ಕೆಲಸ. ಮಣ್ಣನ್ನು ಈರುಳ್ಳಿಯ ಹಾಗೆ ಪದರ ಪದರವಾಗಿ ಬಿಡಿಸುವುದು ನನ್ನ ಕೆಲಸ. ಮೊದಮೊದಲು ನನಗೆ ಬಹಳ ಅವಮಾನವಾಯಿತು. ಅಣ್ಣತಮ್ಮಂದಿರು ಮಹಡಿಮನೆ ಏರಿಸುತ್ತಿರುವಾಗ ನಾನು ನೆಲ ಕೆರೆಯುವುದೇ?

ಆದರೆ ಅವಳ ಕೈ ಒಳ್ಳೆಯದಿತ್ತು. ಸಂಜೆಯಾದರೆ ಹಳೇ ಸೀರೆಯ ಚೂರಿನಿಂದ ನನ್ನನ್ನು ಥಳಥಳ ಒರೆಸದೆ ಊಟಕ್ಕೆ ಕೂರುತ್ತಿರಲಿಲ್ಲ. ಮಣ್ಣಿನ ಒಂದು ಕಣವೂ ಉಳಿಯಬಾರದು, ಒಂದು ಊರಿನ ಮಣ್ಣು ಇನ್ನೊಂದು ಊರಿಗೆ ಹೋಗಬಾರದು. ಜೀಪಿನ ಡ್ರೈವರ್ ಒಮ್ಮೆ ನನ್ನಿಂದ ಸೌತೆಕಾಯಿ ಹೆಚ್ಚಿದ್ದಕ್ಕೆ ಅವಳು ದಿನವಿಡೀ ಅವನ ಜೊತೆ ಮಾತು ಬಿಟ್ಟಳು. ನನಗೆ ಒಳಗೊಳಗೇ ಖುಷಿಯಾಯಿತು.

ಎಲ್ಲಿಗೆ ಹೋದರೂ ಜನ ಕೇಳುವುದು ಒಂದೇ: "ಬಂಗಾರ ಸಿಕ್ತೇನ್ರಿ?" ಅವಳ ತಾಯಿಯೂ ಫೋನಿನಲ್ಲಿ ಅದನ್ನೇ ಕೇಳುತ್ತಿದ್ದಳು. ಸಿಗುತ್ತಿದ್ದುದು ಮಡಕೆಯ ಚೂರು, ಮೂಳೆ, ಇದ್ದಿಲು. ಬಹಳ ಸಲ ಅದೂ ಇಲ್ಲ. ಬಿಸಿಲಲ್ಲಿ ಮೈಲುಗಟ್ಟಲೆ ನಡೆದು "ಇಲ್ಲಿ ಏನೂ ಇಲ್ಲ" ಎಂದು ಬರೆದು ಕೊಡುವುದೇ ಹೆಚ್ಚು. "ಇಲ್ಲ ಅಂತ ಹೇಳೂದೂ ಕೆಲಸಾನ" ಎಂದು ಅವಳು ರೊಟ್ಟಿ ಮುರಿಯುತ್ತಾ ಹೇಳುತ್ತಿದ್ದಳು. ಯಾರಿಗೆ ಹೇಳುತ್ತಿದ್ದಳೋ, ಎದುರಿಗೆ ಇರುತ್ತಿದ್ದುದು ನಾನೊಬ್ಬನೇ.

ಹೀಗೆ ವರ್ಷಗಳು ಹೋದವು. ಅವಳ ಮೊಣಕಾಲು ನೋಯತೊಡಗಿತು, ನನ್ನ ಅಂಚು ಸವೆಯತೊಡಗಿತು. ಆಗ ಬಂತು ಸುಣ್ಣದಿನ್ನಿ.

ರಾಯಚೂರು ಸೀಮೆಯ ಸಣ್ಣ ಊರು. ಊರ ಹೊರಗೆ ಬೂದಿಯ ದೊಡ್ಡ ದಿಬ್ಬ. ಸಾವಿರಾರು ವರ್ಷಗಳ ಹಿಂದೆ ದನ ಸಾಕಿಕೊಂಡಿದ್ದ ಜನ ದೊಡ್ಡಿಯ ಸೆಗಣಿಯನ್ನು ರಾಶಿ ಹಾಕಿ ಸುಟ್ಟು ಸುಟ್ಟು ಆದ ದಿಬ್ಬ ಅದು ಎಂದು ನೀಲಾಂಬಿಕಾ ನೋಡಿದ ಕೂಡಲೇ ಹೇಳಿದಳು. ಊರವರಿಗೆ ಅದು ಪಾತ್ರೆ ಬೆಳಗುವ ಬೂದಿ, ಹೊಲಕ್ಕೆ ಗೊಬ್ಬರ. ಹೊತ್ತು ಹೊತ್ತು ಒಂದು ಮಗ್ಗುಲು ಖಾಲಿಯಾಗಿತ್ತು. ಹೊಸ ರಸ್ತೆ ಸರಿಯಾಗಿ ಅದರ ನಡುವೆಯೇ ಹೋಗುವುದಿತ್ತು.

ರಸ್ತೆಯ ಇಂಜಿನಿಯರ್ ಖಾಜಾಹುಸೇನ್ ಕೆಟ್ಟ ಮನುಷ್ಯನಲ್ಲ, ಅವಸರದ ಮನುಷ್ಯ. "ಬೂದಿಗೋಸ್ಕರ ರಸ್ತೆ ತಿರಗಸ್ರಿ ಅಂದ್ರ ಮ್ಯಾಲಿನವ್ರು ನನ್ನ ನೋಡಿ ನಗ್ತಾರ ಮೇಡಂ. ಇಲ್ಲಿ ಜನ ಇದ್ರು ಅನ್ನಾಕ ಏನರ ಒಂದು ತೋರಸ್ರಿ. ಶನಿವಾರ ಮಷೀನ್ ಬರ್ತೈತಿ" ಎಂದ.

ದಿಬ್ಬದ ತಗ್ಗಾದ ಮಗ್ಗುಲಲ್ಲಿ ನಾವು ಕೆಲಸ ಹಿಡಿದೆವು. ಅವಳು ಮೊಣಕಾಲೂರಿ ನನ್ನನ್ನು ಎಳೆದಳು, ನೀರು ಚಿಮುಕಿಸಿದಳು, ಮತ್ತೆ ಎಳೆದಳು. ಬಿಳಿ ಬೂದಿಯಲ್ಲಿ ದುಂಡನೆಯ ಕಪ್ಪು ಕಲೆ. ಆಚೆಗೆ ಇನ್ನೊಂದು, ಮತ್ತೊಂದು, ಗೆರೆ ಹೊಡೆದ ಹಾಗೆ ಸಾಲಾಗಿ. ಕಂಬ ನೆಟ್ಟ ಕುಣಿಗಳು! ಕಂಬ ಕೊಳೆತುಹೋದರೂ ಕುಣಿಯ ಮಣ್ಣಿನ ಬಣ್ಣ ಬೇರೆಯಾಗಿಯೇ ಉಳಿಯುತ್ತದೆ. ಮೇಲಿನ ಬೂದಿಯನ್ನೆಲ್ಲ ಊರವರು ಒಯ್ದಿದ್ದಾರೆ, ಹಾಗಾದರೆ ಇದು ಹಳೆಯ ನೆಲವೇ ಎಂದು ಅವಳು ಲೆಕ್ಕ ಹಾಕಿದಳು. ಸಿಕ್ಕ ಕುಣಿಯನ್ನು ಅರ್ಧ ಕತ್ತರಿಸಿ, ಒಳಗೇನಿದೆ ನೋಡಿ, ಆಮೇಲೆ ನಂಬಬೇಕೆಂಬುದು ಅವಳ ಕಸುಬಿನ ನಿಯಮ. ಅವತ್ತು ಖುಷಿಯ ಭರದಲ್ಲಿ ಕತ್ತರಿಸುವ ಮೊದಲೇ ಇಂಜಿನಿಯರನ್ನು ಕರೆದುಬಿಟ್ಟಳು. ಖಾಜಾಹುಸೇನ್ ನೋಡಿ ತಲೆದೂಗಿ, ಮಷೀನಿನವನಿಗೆ ಬರಬೇಡ ಎಂದು ಅಲ್ಲೇ ಫೋನು ಮಾಡಿ ಹೋದ.

ಅವನು ಹೋದ ಮೇಲೆ ಊರಿನ ಹನುಮವ್ವ ಎಂಬಾಕೆ ಬಂದಳು, ಬುಟ್ಟಿಯಲ್ಲಿ ಬೂದಿ ತುಂಬಿಕೊಳ್ಳಲು. ಕುಣಿಗಳನ್ನು ನೋಡಿ ಸೆರಗು ಬಾಯಿಗಿಟ್ಟು ನಕ್ಕಳು.

"ಅಯ್ಯ ನನ್ನವ್ವ, ಇದು ನನ್ನ ಮದುವಿ ಹಂದರ! ಊರಾಗ ಜಾಗಾ ಸಾಲಲಿಲ್ಲಂತ ನಮ್ಮಪ್ಪ ಇಲ್ಲೇ ಕಂಬಾ ಹುಗಿಸಿದ್ದ."

ನೀಲಾಂಬಿಕಾ ಕುಣಿಯ ಪಕ್ಕ ಮೊಣಕಾಲೂರಿದಳು. ನನ್ನನ್ನು ಹಿಡಿದು ಒಂದು ಕುಣಿಯನ್ನು ಅರ್ಧ ಕತ್ತರಿಸಿದಳು. ಕಂಬ ಅಲುಗದಿರಲಿ ಎಂದು ತುರುಕಿದ್ದ ಕಲ್ಲುಗಳ ನಡುವೆ ನನ್ನ ತುದಿ ಟಕ್ಕೆಂದಿತು. ಕೆಂಪು ಹೆಂಚಿನ ಚೂರು. ಮೇಲೆ ಕಾರ್ಖಾನೆಯ ಮುದ್ರೆ.

ಹನುಮವ್ವ ಬುಟ್ಟಿ ಹೊತ್ತು ಹೋದಳು. ಉಳಿದವರು ನಾವಿಬ್ಬರೇ. ಮಷೀನು ಆಗಲೇ ನಿಂತಿದೆ, ದಿಬ್ಬ ಉಳಿದಿದೆ. ಅವಳು ಸುಮ್ಮನಿದ್ದರೆ ಸಾಕು. ಸುಮ್ಮನಿರು ತಾಯಿ, ನಾನಂತೂ ಬಾಯಿ ಬಿಡುವವನಲ್ಲ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ಆ ಚೂರನ್ನು ತಿರುವಿ ಮುರುವಿ ನೋಡಿದಳು. ಕಣ್ಣಲ್ಲಿ ನೀರು ಬಂದಿತ್ತು. ಆಮೇಲೆ ಮೂಗು ಒರೆಸಿಕೊಂಡು ಫೋನು ತೆಗೆದಳು.

"ಹುಸೇನ್ ಅವ್ರ, ನಾ ಹೇಳಿದ್ದು ತಪ್ಪಾತ್ರಿ. ಅದು ಹಳೇದಲ್ಲ. ಮದುವಿ ಹಂದರದ ಕುಣಿ."

"ನೀವು ಹೇಳದಿದ್ರ ನನಗ ಗೊತ್ತಽ ಆಗ್ತಿರಲಿಲ್ಲಲ್ರಿ" ಎಂದ.

"ಅದಕ್ಕಽ ಹೇಳ್ದೆ. ಇನ್ನೊಮ್ಮೆ ಐತಿ ಅಂದಾಗ ನೀವು ನಂಬಬೇಕಲ್ರಿ."

ಅವನು ಗೊಣಗಿದ, ಬೈದ, ಕೊನೆಗೆ ಶನಿವಾರದವರೆಗೆ ಇರುವ ಸಮಯ ನಿಮ್ಮದೇ, ಏನು ಬೇಕೋ ಮಾಡಿರಿ ಎಂದ.

ದಿಬ್ಬದ ಯಾರೂ ಮುಟ್ಟದ ಬದಿಯಲ್ಲಿ ಆಳಕ್ಕೆ ಇಳಿದೆವು. ಪದರದ ಮೇಲೆ ಪದರ ಬೂದಿ, ಒಂದೂ ಕದಲಿರಲಿಲ್ಲ. ಶುಕ್ರವಾರ ಮಧ್ಯಾಹ್ನ, ಆಳೆತ್ತರ ಬೂದಿಯ ಕೆಳಗೆ ನನ್ನ ತುದಿಗೆ ಗಟ್ಟಿ ನೆಲ ತಗುಲಿತು. ಅವಳು ನನ್ನನ್ನು ಮಲಗಿಸಿ ಎಳೆದಳು. ಬೆಂಕಿಗೆ ಬೆಂದು ಕಲ್ಲಾದ ಕೆಸರು. ಅದರಲ್ಲಿ ದನದ ಗೊರಸಿನ ಗುರುತು. ದೊಡ್ಡದರ ಪಕ್ಕದಲ್ಲಿ ಪುಟ್ಟದು, ಅತ್ತಿತ್ತ ಕುಣಿದಾಡಿದ ಹಾಗೆ. ಈ ಸಲ ಅವಳು ಯಾರನ್ನೂ ಕರೆಯಲಿಲ್ಲ. ಮೇಲಿನ ಪದರಗಳನ್ನು ಮತ್ತೆ ನೋಡಿದಳು, ಮತ್ತೊಮ್ಮೆ ಕೆರೆದು ನೋಡಿದಳು. ಆಮೇಲೆಯೇ ಫೋನು ಮಾಡಿದಳು.

ಖಾಜಾಹುಸೇನ್ ಗುಂಡಿಯೊಳಗೆ ಇಳಿದು ಕುಕ್ಕರುಗಾಲಲ್ಲಿ ಕೂತ. "ಇದು ಯಾರ ಮದುವೀದೂ ಅಲ್ಲ ಹೌದಲ್ರಿ?" ಎಂದು ಕೇಳಿದ. ಅವಳಿಗೂ ನಗು ಬಂತು. ಅವನ ಮನೆಯಲ್ಲಿ ಎಮ್ಮೆಗಳಿದ್ದವಂತೆ. ಆ ಪುಟ್ಟ ಗುರುತಿನಲ್ಲಿ ಬೆರಳಿಟ್ಟು, "ಕರು ರೀ. ಹಾಲು ಕುಡಿಯೋ ಕರು" ಎಂದ.

"ಖಾತ್ರಿ ಏನ್ರಿ ಮೇಡಂ?"

"ಖಾತ್ರಿ."

"ನೀವು ಅಂದ್ರ ಆತು ಬಿಡ್ರಿ."

ರಸ್ತೆ ತಿರುಗಿತು. ಮೇಲಿನವರು ನಕ್ಕರೋ ಇಲ್ಲವೋ ತಿಳಿಯದು. ಈಗಲೂ ಬಸ್ಸು ಅಲ್ಲಿ ವಾಲಿದಾಗ ಜನ, ನೆಟ್ಟಗಿನ ರಸ್ತೆ ಇಲ್ಲ್ಯಾಕ ಸೊಟ್ಟಾತು ಎಂದು ಬೈಯುತ್ತಾರೆ.

ಆಮೇಲೆ ಬೇಕಾದಷ್ಟು ಊರು ಸುತ್ತಿದೆವು. ನಾನು ಸವೆದು ಸವೆದು ವೀಳ್ಯದೆಲೆಯಷ್ಟಿದ್ದವನು ಮಾವಿನೆಲೆಯಷ್ಟಾದೆ. ಅವಳು ನಿವೃತ್ತಳಾದಳು. ಸುಣ್ಣದಿನ್ನಿಯವರು ಆ ತಿರುವಿನಲ್ಲಿ ದಿಬ್ಬದ ವಿಷಯ ಕೆತ್ತಿದ ಕಲ್ಲು ನಿಲ್ಲಿಸುತ್ತೇವೆ ಬನ್ನಿ ಎಂದು ಕರೆದಾಗ, ಅಭ್ಯಾಸಬಲದಿಂದ ನನ್ನನ್ನೂ ಚೀಲಕ್ಕೆ ಹಾಕಿಕೊಂಡು ಹೊರಟಳು. ಹಣ್ಣುಹಣ್ಣಾಗಿದ್ದ ಹನುಮವ್ವ ಕೋಲೂರಿಕೊಂಡು ಬಂದು, "ನನ್ನ ಹಂದರದ ಸುದ್ದಿ ಕೆತ್ಯಾರೇನ?" ಎಂದು ಕೇಳಿದಳು.

"ಇಲ್ಲಬೇ. ಆದ್ರ ನಾ ಹೋದಲ್ಲೆಲ್ಲಾ ಮೊದಲು ಅದನ್ನಽ ಹೇಳ್ತೀನಿ" ಎಂದಳು ನೀಲಾಂಬಿಕಾ.

ಕಲ್ಲು ಕೂರಿಸಿದ ಗೌಂಡಿಯ ಅಗಲ ಕರಣೆ ಕಲ್ಲಿನ ಬುಡದ ಸಂದಿಗೆ ಹೋಗಲೊಲ್ಲದು. ಅವನು ಅತ್ತಿತ್ತ ಕಡ್ಡಿ ಹುಡುಕುತ್ತಿದ್ದಾಗ ನೀಲಾಂಬಿಕಾ ಚೀಲದಿಂದ ನನ್ನನ್ನು ತೆಗೆದಳು. ನೋಯುವ ಮೊಣಕಾಲೂರಿ, ಅವನ ಬುಟ್ಟಿಯಿಂದ ನನ್ನ ಮೇಲೆ ಗಾರೆ ಎತ್ತಿಕೊಂಡಳು. ತಣ್ಣಗಿತ್ತು, ಭಾರವಾಗಿತ್ತು. ಅಷ್ಟು ಸವೆಯದಿದ್ದರೆ ನಾನೂ ಆ ಸಂದಿಯೊಳಗೆ ಹೋಗುತ್ತಿರಲಿಲ್ಲ. ಒಂದೊಂದೇ ಸಂದು ತುಂಬಿ, ಒತ್ತಿ, ನುಣುಪು ಮಾಡಿದೆವು.

ಈಗ ಅವಳ ಮನೆಯ ಕಿಟಕಿಯ ದಂಡೆಯ ಮೇಲೆ ಇದ್ದೇನೆ, ಬೆಳಗಿನ ಬಿಸಿಲು ಬೀಳುವ ಕಡೆ. ಇಷ್ಟು ವರ್ಷ ಒಂದು ಕಣ ಮಣ್ಣನ್ನೂ ನನ್ನ ಮೈಮೇಲೆ ಉಳಿಸದವಳು, ಅವತ್ತು ಮನೆಗೆ ಬಂದು ಹಳೇ ಸೀರೆಯ ಚೂರು ತೆಗೆದುಕೊಂಡಳು, ನನ್ನನ್ನು ನೋಡಿದಳು, ಬಟ್ಟೆಯನ್ನು ಹಾಗೇ ಮಡಚಿಟ್ಟಳು. ಆ ಗಾರೆ ಇನ್ನೂ ನನ್ನ ಮೈಗಂಟಿಕೊಂಡೇ ಇದೆ.